ಬೇಸಿಗೆ ರಜೆಯಲ್ಲಿ ಪುಟ್ಟ ಮಕ್ಕಳ ಜೊತೆ ಕೈತೋಟ, ಕೈಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಮೂರನೇ ದಿನಕ್ಕೇ "ಅಮ್ಮಾ, ಬೋರು" ಶುರುವಾಗುತ್ತದೆ. ಆಗ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮೂರರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಿತ್ತಿಲು ಇದ್ದವರಿಗೂ ಆಯಿತು, ಎರಡು ಅಡಿ ಬಾಲ್ಕನಿ ಇದ್ದವರಿಗೂ ಆಯಿತು.

ಇಷ್ಟು ಬಿಸಿಲಲ್ಲಿ ಬೀಜ ಹಾಕಿದರೆ ಹುಟ್ಟುತ್ತಾ?

ಹುಟ್ಟುತ್ತದೆ. ಬಿಸಿಲಿಗಿಂತ ಒಣಗಿದ ಮೇಲ್ಮಣ್ಣೇ ಬೀಜಕ್ಕೆ ಜಾಸ್ತಿ ತೊಂದರೆ ಕೊಡುವುದು. ಮೊಳಕೆ ಬರುವವರೆಗೆ ಆ ಮಣ್ಣಿನ ಮೇಲ್ಪದರ ಒದ್ದೆಯಾಗಿದ್ದರೆ ಸಾಕು. ಹರಿವೆ, ಬೆಂಡೆ, ಅಲಸಂದೆ, ಸೌತೆ, ಹೀರೆ ಇವೆಲ್ಲ ಬಿಸಿಯನ್ನೇ ಇಷ್ಟಪಡುವ ಗಿಡಗಳು. ಪಾಲಕ್, ಕ್ಯಾರೆಟ್, ಕೋಸು ಈಗ ಬೇಡ, ಅವು ಚಳಿಗಾಲದವು.

ಊರು ನೋಡಿಕೊಂಡು ಮಾಡಿ. ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟುವುದು ಮಾಮೂಲು, ಅಲ್ಲಿ ಹನ್ನೊಂದು ಗಂಟೆ ಮೇಲೆ ಕುಂಡಕ್ಕೆ ನೆರಳು ಬೇಕೇ ಬೇಕು. ಬೆಂಗಳೂರು ತಂಪು ಅಂತ ನಂಬಿಕೊಂಡು ಕೂರಬೇಡಿ, 2016ರ ಏಪ್ರಿಲ್‌ನಲ್ಲಿ ಇಲ್ಲಿಯೂ 39.2 ಡಿಗ್ರಿ ಆಗಿತ್ತು. ಹಸಿರು ನೆರಳು ಬಲೆ ಇಲ್ಲದಿದ್ದರೆ ಹಳೇ ಕಾಟನ್ ಸೀರೆ ಕಟ್ಟಿದರೂ ನಡೆಯುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರು, ಮೇ ನಡುವಿಗೆ ಕೃತ್ತಿಕಾ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಗಾದೆಯೇ ಇದೆಯಲ್ಲ. ಒಂದು ಒಳ್ಳೆ ಮಳೆ ಬಿದ್ದ ಮಾರನೇ ದಿನ ಬೀಜ ಹಾಕಿ ನೋಡಿ, ನಲ್ಲಿ ನೀರಿಗೆ ಅಷ್ಟು ಬೇಗ ಏಳದ್ದು ಮಳೆ ನೀರಿಗೆ ಎದ್ದು ನಿಲ್ಲುತ್ತದೆ.

ಮೊದಲನೇ ಸಲ ಮಾಡುತ್ತಿದ್ದೇವೆ. ಯಾವ ಬೀಜದಿಂದ ಶುರು ಮಾಡೋಣ?

ಮೆಂತ್ಯ. ಇದರಲ್ಲಿ ಎರಡು ಮಾತಿಲ್ಲ.

ನಾಲ್ಕು ವರ್ಷದ ಮಗುವಿಗೆ ಒಂದು ವಾರ ಅಂದರೆ ಒಂದು ವರ್ಷ ಇದ್ದ ಹಾಗೆ. ಬೀಜ ಹಾಕಿ "ಕಾಯಬೇಕು ಪುಟ್ಟಾ" ಅಂದರೆ ಅದು ಮಾರನೇ ದಿನವೇ ಮಣ್ಣು ಕೆದಕಿ ನೋಡುತ್ತದೆ. ಮೆಂತ್ಯ ಎರಡು ಮೂರು ದಿನಕ್ಕೇ ಮುಖ ತೋರಿಸುತ್ತದೆ. ಡಬ್ಬದಿಂದ ಎರಡು ಚಮಚ ಮೆಂತ್ಯ ತೆಗೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಅಗಲವಾದ ಯಾವುದಾದರೂ ಪಾತ್ರೆಗೆ, ಒಡೆದ ಟಬ್ ಆದರೂ ಸರಿ, ಮೂರು ನಾಲ್ಕು ಬೆರಳು ಎತ್ತರಕ್ಕೆ ಮಣ್ಣು ತುಂಬಿಸಿ. ಮಗು ಬೀಜ ಉದುರಿಸಲಿ. ಒಂದೇ ಕಡೆ ಗುಪ್ಪೆ ಬಿದ್ದರೂ ಪರವಾಗಿಲ್ಲ, ಮೆಂತ್ಯ ಒತ್ತೊತ್ತಾಗಿಯೇ ಬರುತ್ತದೆ. ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ನೀರು ಚಿಮುಕಿಸಿ. ಮೊಳಕೆ ಬರುವಾಗ ಬೀಜದ ಸಿಪ್ಪೆ ಎಲೆಯ ತುದಿಗೆ ಟೋಪಿಯ ಹಾಗೆ ಅಂಟಿಕೊಂಡಿರುತ್ತದೆ. ಅದನ್ನು ಕೀಳಬೇಕು ಅಂತ ಎಲ್ಲ ಮಕ್ಕಳಿಗೂ ಕೈ ತುರಿಸುತ್ತದೆ. ಒಂದೆರಡು ಕೀಳಲಿ ಬಿಡಿ, ಮಿಕ್ಕವು ತಾವಾಗಿ ಉದುರುತ್ತವೆ. ಎರಡು ವಾರಕ್ಕೆ ಎಳೆ ಸೊಪ್ಪು ಕತ್ತರಿಸಿ ಚಪಾತಿ ಹಿಟ್ಟಿಗೆ ಹಾಕಬಹುದು. ದೊಡ್ಡ ಸೊಪ್ಪು ಬೇಕು ಅಂದರೆ ಒಂದು ತಿಂಗಳು ಬಿಡಿ.

ಎರಡನೇ ಬೀಜ ಅಲಸಂದೆ. ಕಾಳು ದಪ್ಪ, ಪುಟ್ಟ ಬೆರಳಿಗೆ ಸಿಗುತ್ತದೆ, ನಾಲ್ಕೈದು ದಿನಕ್ಕೆ ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತದೆ. ಆ ಮಣ್ಣು ಬಿರಿಯುವುದನ್ನು ಬೆಳಿಗ್ಗೆ ಎದ್ದ ತಕ್ಷಣ ತೋರಿಸಿ. ಮೂರನೆಯದು ಹರಿವೆ, ಕೆಂಪು ಸಿಕ್ಕರೆ ಇನ್ನೂ ಚೆನ್ನ.

ಕೊತ್ತಂಬರಿ ಹಾಕಿದೆವು, ಹತ್ತು ದಿನ ಆಯಿತು, ಏನೂ ಇಲ್ಲ.

ಇನ್ನೂ ಸ್ವಲ್ಪ ತಾಳಿ. ಕೊತ್ತಂಬರಿಗೆ ಎಂಟರಿಂದ ಹದಿನಾಲ್ಕು ದಿನ ಬೇಕು. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ಹಾಕಬೇಕು, ಪುಡಿ ಮಾಡಬಾರದು. ಮೇ ತಿಂಗಳ ಬಿಸಿಗೆ ಅದು ಸೊಪ್ಪು ಬಿಡುವ ಬದಲು ಬೇಗ ಹೂ ಬಿಟ್ಟುಬಿಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಮಕ್ಕಳ ಕೈಗೆ ಕೊತ್ತಂಬರಿ ಕೊಡಲೇಬೇಡಿ ಅನ್ನುತ್ತೇನೆ ನಾನು.

ಅಡುಗೆಮನೆ ಬೀಜ ಸಾಕಾ, ಪ್ಯಾಕೆಟ್ ತರಬೇಕಾ?

ಮೆಂತ್ಯ, ಸಾಸಿವೆ, ಅಲಸಂದೆ, ಹೆಸರುಕಾಳು, ಕಡಲೆ ಇವೆಲ್ಲ ಡಬ್ಬದಲ್ಲೇ ಇವೆ. ಬೇಳೆ ಮಾತ್ರ ಮೊಳೆಯುವುದಿಲ್ಲ, ಅದು ಒಡೆದದ್ದು. ಯಾಕೆ ಅಂತ ಮಗುವೇ ಕಂಡುಹಿಡಿಯಲಿ. ಒಂದು ಬಟ್ಟಲಲ್ಲಿ ಹೆಸರುಕಾಳು, ಇನ್ನೊಂದರಲ್ಲಿ ಹೆಸರುಬೇಳೆ ನೆನೆಹಾಕಿ ಅಕ್ಕಪಕ್ಕ ಇಡಿ.

ಬೆಂಡೆ, ಹರಿವೆಗೆ ಪ್ಯಾಕೆಟ್ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕಾ' ತಳಿಗಳು ಒಳ್ಳೆಯವು. ಬೆಂಡೆಗೆ ಅರ್ಕಾ ಅನಾಮಿಕ, ಹರಿವೆಗೆ ಅರ್ಕಾ ಸುಗುಣ. ಸುಗುಣ ಕತ್ತರಿಸಿದ ಹಾಗೆಲ್ಲ ಮತ್ತೆ ಚಿಗುರುತ್ತದೆ, 25 ದಿನಕ್ಕೆ ಮೊದಲ ಕೊಯ್ಲು.

ಒಂದು ಎಚ್ಚರ. ಗೊಬ್ಬರದ ಅಂಗಡಿಯ ಕೆಲವು ಬೀಜಗಳಿಗೆ ಗುಲಾಬಿ ಅಥವಾ ಹಸಿರು ಬಣ್ಣ ಹಚ್ಚಿರುತ್ತಾರೆ. ಅದು ಅಂದಕ್ಕಲ್ಲ, ಶಿಲೀಂಧ್ರನಾಶಕ ಲೇಪಿಸಿದ ಗುರುತು. ನೋಡುವುದಕ್ಕೆ ಜೀರಿಗೆ ಪೆಪ್ಪರ್‌ಮಿಂಟಿನ ಹಾಗಿರುತ್ತದೆ, ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳದೇ ಇರುತ್ತಾರಾ? ಅಂಥ ಬೀಜವನ್ನು ಮಕ್ಕಳ ಕೈಗೆ ಕೊಡಬೇಡಿ. ನೀವೇ ಹಾಕಿ ಕೈ ತೊಳೆದುಕೊಳ್ಳಿ.

ಕುಂಡ, ಮಣ್ಣು ಹೇಗಿರಬೇಕು?

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಹಸಿ ಸಗಣಿ ಹಾಕಬೇಡಿ, ಬೇರು ಸುಡುತ್ತದೆ. ಕುಂಡದ ತಳದಲ್ಲಿ ತೂತು ಇರಲೇಬೇಕು. ಎಣ್ಣೆ ಕ್ಯಾನು, ಪೇಂಟ್ ಬಕೆಟ್, ಅಕ್ಕಿ ಚೀಲ ಎಲ್ಲವೂ ಕುಂಡವೇ. ಕೊಕೊಪೀಟ್ ಇಟ್ಟಿಗೆ ನೀರು ಕುಡಿದು ಉಬ್ಬುವುದನ್ನು ನೋಡುವುದೇ ಮಕ್ಕಳಿಗೆ ಅರ್ಧ ಗಂಟೆಯ ಆಟ, ಅದನ್ನು ಅವರು ಮಲಗಿರುವಾಗ ಮಾಡಿ ಹಾಳು ಮಾಡಬೇಡಿ.

ದುಡ್ಡು ಕೊಟ್ಟು ಕಿಟ್ ತರದೆ, ಕೈಕೆಲಸವನ್ನೂ ತೋಟವನ್ನೂ ಸೇರಿಸಿ ಮಾಡುವಂಥದ್ದು ಏನಾದರೂ?

ಹಲಸಿನ ಎಲೆಯ ಕೊಟ್ಟೆ. ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ, ಕಡುಬು ಬೇಯಿಸುವ ಅದೇ ಕೊಟ್ಟೆ. ಅದರಲ್ಲಿ ಮಣ್ಣು ತುಂಬಿ ಸಸಿ ಎಬ್ಬಿಸಬಹುದು.

ಒಂದೇ ಅಳತೆಯ ನಾಲ್ಕು ಬಲಿತ ಎಲೆ ಆರಿಸಿ. ಈ ಆರಿಸುವ ಕೆಲಸ ಮಗುವಿನದು, ಎಲೆ ಮೇಲೆ ಎಲೆ ಇಟ್ಟು ಅಳೆಯುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ನಾಲ್ಕರ ತುದಿಗಳೂ ನಡುವಿನಲ್ಲಿ ಒಂದರ ಮೇಲೊಂದು ಬರುವ ಹಾಗೆ ಅಧಿಕ ಚಿಹ್ನೆಯ ಆಕಾರದಲ್ಲಿ ಜೋಡಿಸಿ, ತೆಂಗಿನ ಪೊರಕೆಕಡ್ಡಿಯ ಚೂರಿನಿಂದ ನಡುವನ್ನು ಚುಚ್ಚಿ ಸೇರಿಸಿ. ಆಮೇಲೆ ಅಕ್ಕಪಕ್ಕದ ಎರಡು ಎಲೆಗಳನ್ನು ಮೇಲೆತ್ತಿ, ಅಂಚಿಗೆ ಅಂಚು ಸೇರಿಸಿ ಇನ್ನೊಂದು ಕಡ್ಡಿ. ಹೀಗೆ ನಾಲ್ಕೂ ಮೂಲೆ ಆದರೆ ಬಟ್ಟಲು ಸಿದ್ಧ. ಆರು ವರ್ಷದವರೆಗೆ ಚುಚ್ಚುವ ಕೆಲಸ ದೊಡ್ಡವರದು, ಎಲೆ ಹಿಡಿದುಕೊಳ್ಳುವ ಕೆಲಸ ಮಕ್ಕಳದು. ಹಲಸಿನ ಎಲೆ ಕಿತ್ತಾಗ ಬರುವ ಹಾಲು ಕೈಗೆ ಅಂಟುತ್ತದೆ, ಮೊದಲೇ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಆ ಕೊಟ್ಟೆಗೆ ಮಣ್ಣು, ಒಂದು ಬೆಂಡೆ ಬೀಜ. ಸಸಿಗೆ ನಾಲ್ಕು ಎಲೆ ಬಂದ ಮೇಲೆ ಕೊಟ್ಟೆ ಸಮೇತ ನೆಲದಲ್ಲಿ ಇಟ್ಟುಬಿಡಿ. ಎಲೆ ಅಲ್ಲೇ ಕೊಳೆಯುತ್ತದೆ. ಹಲಸಿನ ಮರ ಹತ್ತಿರ ಇಲ್ಲದವರು ಹಳೇ ಪೇಪರನ್ನು ಲೋಟಕ್ಕೆ ಸುತ್ತಿ, ತಳ ಮಡಚಿ ಪೊಟ್ಟಣ ಮಾಡಿಕೊಳ್ಳಿ. ಕೊಟ್ಟೆಯ ಮಜಾ ಇಲ್ಲ, ಕೆಲಸ ಆಗುತ್ತದೆ.

ಯಾವ ವಯಸ್ಸಿಗೆ ಯಾವ ಕೆಲಸ?

ಮೂರು ವರ್ಷದವರು ಮಣ್ಣು ತುಂಬಿಸುವುದು, ಸುರಿಯುವುದು, ಮತ್ತೆ ತುಂಬಿಸುವುದು. ಅಷ್ಟೇ. ನಾಲ್ಕೈದು ವರ್ಷದವರು ಬೀಜ ಹಾಕುವುದು, ನೀರು ಹಾಕುವುದು, ಸೊಪ್ಪು ಕೀಳುವುದು. ಆರು ದಾಟಿದರೆ ಚಿಕ್ಕ ಕತ್ತರಿ ಕೊಡಬಹುದು, ಗಿಡದ ಹೆಸರು ಬರೆದು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ ನೆಡಿಸಬಹುದು, ವಾರಕ್ಕೊಮ್ಮೆ ಸ್ಕೇಲಿನಲ್ಲಿ ಗಿಡದ ಎತ್ತರ ಅಳೆಸಬಹುದು. ಅಳೆದದ್ದನ್ನು ಗೋಡೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಲಿ.

ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಹೊರಗಿನ ಕೆಲಸ. ನಡುವಿನ ಹೊತ್ತೆಲ್ಲ ಒಳಗಿನ ಕೈಕೆಲಸಕ್ಕೆ.

ದಿನಕ್ಕೆ ಹತ್ತು ಸಲ ನೀರು ಹಾಕುತ್ತಾಳೆ. ಗಿಡ ಕೊಳೆಯುತ್ತಿದೆ!

ನೀರು ಹಾಕಬೇಡ ಅಂದರೆ ಕೇಳುವುದಿಲ್ಲ, ಪಾತ್ರೆ ಚಿಕ್ಕದು ಮಾಡಿ. ಕಾಲು ಲೀಟರ್ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ನೀವೇ ಐದಾರು ತೂತು ಮಾಡಿಕೊಡಿ. ಹಿಂಡಿದರೆ ಸಣ್ಣ ಹನಿ ಬರುತ್ತದೆ, ಬಾಟಲಿ ಖಾಲಿಯಾಗಲು ಹೊತ್ತು ಬೇಕು. ಜೊತೆಗೆ ಬೆರಳು ಪರೀಕ್ಷೆ ಕಲಿಸಿ. ಮಣ್ಣಿಗೆ ಬೆರಳು ತೂರಿಸಿ, ಮಣ್ಣು ಅಂಟಿದರೆ ಇವತ್ತು ನೀರು ಬೇಡ. ಈ ನಿಯಮವನ್ನು ಮಕ್ಕಳು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಅಜ್ಜ ನೀರು ಹಾಕಲು ಬಂದರೂ ತಡೆಯುತ್ತಾರೆ.

ನೀರಿಗೆ ತತ್ವಾರ ಇರುವ ಕಡೆ ಅಕ್ಕಿ, ತರಕಾರಿ ತೊಳೆದ ನೀರು ಧಾರಾಳ ಸಾಕು. ಉಪ್ಪು, ಸೋಪು ಬಿದ್ದ ನೀರು ಬೇಡ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡಿರುವುದರಿಂದ ಬರೀ ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಭಾನುವಾರದ ಕೆಲಸ ಅಂತ ಇಟ್ಟುಕೊಳ್ಳಿ.

ಬಣ್ಣ ಮನೆಯಲ್ಲೇ ಮಾಡಬಹುದಾ? ಬಾಯಿಗೆ ಹಾಕಿಕೊಂಡರೂ ಭಯ ಇರಬಾರದು.

ಮಾಡಬಹುದು, ಮತ್ತೆ ಮಾಡುವುದೇ ಬಳಿಯುವುದಕ್ಕಿಂತ ಜಾಸ್ತಿ ಖುಷಿ. ಅರಿಶಿನ ನೀರು ಹಳದಿ. ಬೀಟ್‌ರೂಟ್ ತುರಿದು ಹಿಂಡಿದರೆ ಗುಲಾಬಿ. ಪಾಲಕ್ ಅರೆದರೆ ಹಸಿರು. ಶಂಖಪುಷ್ಪ ಬಿಸಿನೀರಲ್ಲಿ ಹಾಕಿದರೆ ನೀಲಿ.

ಈಗ ಜಾದೂ. ಆ ನೀಲಿ ನೀರಿಗೆ ನಾಲ್ಕು ಹನಿ ನಿಂಬೆರಸ ಬಿಡಿ, ನೇರಳೆ ಆಗುತ್ತದೆ. ಅರಿಶಿನ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಕೆಂಪಗಾಗುತ್ತದೆ. ಆರತಿ ತಟ್ಟೆಯ ಕೆಂಪು ನೀರಿನ ಗುಟ್ಟು ಇದೇ, ಅಲ್ಲಿ ಸೋಡಾ ಬದಲು ಸುಣ್ಣ. ಮಕ್ಕಳ ಕೈಗೆ ಮಾತ್ರ ಸುಣ್ಣ ಬೇಡ, ಕಣ್ಣಿಗೆ ಸಿಡಿದರೆ ಸುಡುತ್ತದೆ. ಅರಿಶಿನದಲ್ಲಿ ಚಿತ್ರ ಬರೆದು ಒಣಗಿಸಿದ ಹಾಳೆಯ ಮೇಲೆ ಸೋಡಾ ನೀರಿನ ಬ್ರಷ್ ಆಡಿಸಿದರೆ, ಆಡಿಸಿದಲ್ಲೆಲ್ಲ ಕೆಂಪು ಮೂಡುತ್ತದೆ. ಬಿಳೀ ಬಟ್ಟೆ ಹಾಕಿಸಿ ಕೂರಿಸಬೇಡಿ ಅಂತ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಅಚ್ಚಿಗೆ ಬಲಿತ ಬೆಂಡೆಕಾಯಿ ಅಡ್ಡ ಕತ್ತರಿಸಿ. ಐದು ಮೂಲೆಯ ಹೂ ಬರುತ್ತದೆ. ಬಾಳೆದಿಂಡಿನ ತುಂಡೂ ಚೆಂದ, ಬಲೆ ಬಲೆಯಾಗಿ ಅಚ್ಚು ಬೀಳುತ್ತದೆ. ಈ ಬಣ್ಣಗಳು ಎರಡು ದಿನಕ್ಕೆ ಹುಳಿವಾಸನೆ ಹೊಡೆಯುತ್ತವೆ, ಆವತ್ತಿನದು ಆವತ್ತಿಗೇ.

ಅಂಟು?

ಒಂದು ಲೋಟ ಮೈದಾಕ್ಕೆ ಒಂದು ಲೋಟ ತಣ್ಣೀರು ಹಾಕಿ ಗಂಟಿಲ್ಲದೆ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು ತಿರುವಿ. ಪಾರದರ್ಶಕ ಆಗುತ್ತಾ ಬಂದಾಗ ಇಳಿಸಿ. ಹುಳ ಬರದಿರಲಿ ಅಂತ ಹಿಂದೆ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಅಂಟಿಗೆ ಬೇಡವೇ ಬೇಡ. ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಬೀಜ, ಕಾಯಿಗಳಿಂದ ಆಟದ ಸಾಮಾನು ಮಾಡುತ್ತೇವೆ. ಯಾವುದು ಅಪಾಯ?

ಇದನ್ನು ಪೂರ್ತಿ ಓದಿ.

ಗುಲಗಂಜಿ ಮೊದಲನೆಯದು. ಕೆಂಪಗೆ, ತಲೆ ಮೇಲೆ ಕಪ್ಪು ಚುಕ್ಕೆ, ಎಷ್ಟು ಚೆಂದ ಅಂದರೆ ಹಳೇ ಮನೆಗಳ ಅಳಗುಳಿಮಣೆ ಡಬ್ಬದಲ್ಲಿ ಇನ್ನೂ ಸಿಗುತ್ತದೆ. ಅದನ್ನು ಜಗಿದರೆ ಜೀವಕ್ಕೇ ಅಪಾಯ. ತೂತು ಮಾಡಿ ಸರ ಪೋಣಿಸುವುದೂ ಬೇಡ. ಹರಳುಬೀಜವೂ ಹಾಗೇ. ಕಣಗಿಲೆ ಮತ್ತು ಉಮ್ಮತ್ತಿಯ ಹೂ, ಎಲೆ, ಕಾಯಿ ಯಾವುದೂ ಕೈಕೆಲಸಕ್ಕೆ ಬೇಡ. ಮಗು ಇವುಗಳಲ್ಲಿ ಏನನ್ನಾದರೂ ನುಂಗಿದೆ ಅಂತ ಅನುಮಾನ ಬಂದರೂ ಸಾಕು, ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ, ಬೀಜದ ಒಂದು ಮಾದರಿಯನ್ನೂ ಒಯ್ಯಿರಿ.

ಕರಾವಳಿಯಲ್ಲಿ ಏಪ್ರಿಲ್, ಮೇ ಅಂದರೆ ಗೇರುಹಣ್ಣಿನ ಕಾಲ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಮಾವಿನಕಾಯಿ ತೊಟ್ಟಿನ ಸೊನೆಯೂ ಅಷ್ಟೇ, ತುಟಿ ಪಕ್ಕ ಹುಣ್ಣಾಗುತ್ತದೆ.

ನಂಬಿಕೆಯಿಂದ ಬಳಸಬಹುದಾದ್ದು ಹುಣಸೆಬೀಜ, ತೆಂಗಿನ ಚಿಪ್ಪು, ತೊಳೆದು ಒಣಗಿಸಿದ ಮಾವಿನ ವಾಟೆ. ವಾಟೆಯ ನಾರನ್ನು ಹಳೇ ಬಾಚಣಿಗೆಯಲ್ಲಿ ಬಾಚಿದರೆ ಗಡ್ಡದ ತಾತ ಆಗುತ್ತಾನೆ. ಹುಣಸೆಬೀಜ ಅಳಗುಳಿಮಣೆಗೆ. ಕರಾವಳಿಯಲ್ಲಿ ಚೆನ್ನೆಮಣೆ. ಜೇಡಿಮಣ್ಣನ್ನು ಹಲಗೆಯ ಹಾಗೆ ತಟ್ಟಿ, ನಿಂಬೆಹಣ್ಣಿನಿಂದ ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ ಒತ್ತಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಗುಳಿಗೆ ಐದು ಬೀಜದಂತೆ 70 ಬೇಕು. ಎಣಿಸಲಿ, ಲೆಕ್ಕದ ಪಾಠ ಪುಕ್ಕಟೆ.

ಮೂರು ವರ್ಷದ ಕೆಳಗಿನ ತಮ್ಮ ತಂಗಿ ಮನೆಯಲ್ಲಿದ್ದರೆ ಬೀಜದ ಆಟ ಮೇಜಿನ ಮೇಲೆ, ದೊಡ್ಡವರ ಎದುರು ಮಾತ್ರ. ಮೂಗಿಗೆ, ಕಿವಿಗೆ ಬೀಜ ತೂರಿಸಿಕೊಂಡರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಡಾಕ್ಟರ ಹತ್ತಿರ ಹೋಗಿ.

ಕರಿಬೇವಿನ ಗಿಡದಲ್ಲಿ ಹುಳ ಇದೆ. ಔಷಧಿ ಹೊಡೆಯಲಾ?

ನಿಲ್ಲಿ, ನಿಲ್ಲಿ. ಆ ಹುಳವೇ ಈ ರಜೆಯ ಅತ್ಯುತ್ತಮ ಆಟಿಕೆ.

ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಂದು ಬಿಳಿ ಏನಾದರೂ ಅಂಟಿದ್ದರೆ ಹತ್ತಿರದಿಂದ ನೋಡಿ, ಅದು ಚಿಟ್ಟೆಯ ಮರಿಹುಳ. ಹಕ್ಕಿಗಳನ್ನು ಏಮಾರಿಸಲು ಆ ವೇಷ. ಬೆಳೆದ ಮೇಲೆ ಎಲೆಯ ಬಣ್ಣದ ಹಸಿರು ಅಂಗಿ ಹಾಕಿಕೊಳ್ಳುತ್ತದೆ. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಎರಡು ಕೋಡು ಹೊರಗೆ ಹಾಕಿ ಗಬ್ಬುವಾಸನೆ ಬಿಡುತ್ತದೆ. ಮಕ್ಕಳು "ಇನ್ನೊಂದ್ಸಲ, ಇನ್ನೊಂದ್ಸಲ" ಅನ್ನುತ್ತಾರೆ, ಎರಡು ಸಲಕ್ಕೆ ನಿಲ್ಲಿಸಿ, ಪಾಪ. ಅಗಲ ಬಾಯಿಯ ಡಬ್ಬಕ್ಕೆ ತೆಳು ಬಟ್ಟೆ ಕಟ್ಟಿ, ಒಂದು ಕಡ್ಡಿ ಓರೆಯಾಗಿ ಇಟ್ಟು, ದಿನಾ ಹೊಸ ಕರಿಬೇವು ಹಾಕಿ. ನಿಮ್ಮ ಗಿಡದ್ದೇ ಹಾಕಿ, ಮಾರ್ಕೆಟ್ಟಿನ ಕರಿಬೇವಿಗೆ ಔಷಧಿ ಹೊಡೆದಿದ್ದರೆ ಹುಳ ಸಾಯುತ್ತದೆ. ಒಂದು ದಿನ ತಿನ್ನುವುದು ನಿಲ್ಲಿಸಿ ಕಡ್ಡಿಗೆ ನೂಲು ಸುತ್ತಿ ಒರಗಿಕೊಂಡು ಕೋಶ ಆಗುತ್ತದೆ. ಸುಮಾರು ಹತ್ತು ದಿನ, ಎರಡು ವಾರಕ್ಕೆ ಚಿಟ್ಟೆ. ಹೊರಬಂದಾಗ ರೆಕ್ಕೆ ಮುದ್ದೆಯಾಗಿರುತ್ತದೆ, ಒಣಗಿ ಬಿಚ್ಚಿಕೊಳ್ಳುವವರೆಗೆ ಯಾರೂ ಮುಟ್ಟಬಾರದು. ಮೈತುಂಬ ರೋಮದ ಕಂಬಳಿಹುಳ ಬೇರೆ, ಅದನ್ನು ಮುಟ್ಟಿಸಬೇಡಿ.

ಗಿಡಹೇನು, ಹಿಟ್ಟುತಿಗಣೆ ಬಂದಿದ್ದರೆ ಜೋರಾಗಿ ನೀರು ಚಿಮ್ಮಿಸಿ. ಹೋಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊಡೆಯಿರಿ, ಮಕ್ಕಳು ಒಳಗಿರಲಿ.

ಬೀಜದುಂಡೆ ಮಾಡಿಸಬಹುದಾ?

ಉಂಡೆ ಕಟ್ಟುವುದು ಮಕ್ಕಳಿಗೆ ಬಹಳ ಇಷ್ಟ. ಮೂರು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಗೊಬ್ಬರ, ಚಪಾತಿ ಹಿಟ್ಟಿನ ಹದ, ನಡುವೆ ಹೊಂಗೆ, ಹುಣಸೆ ಅಥವಾ ಸೀತಾಫಲದ ಬೀಜ. ನೆರಳಲ್ಲಿ ಒಣಗಿಸಿ ಜೂನ್ ಮಳೆಗೆ ಇಟ್ಟುಕೊಳ್ಳಿ. ಹಲಸು, ಮಾವು, ನೇರಳೆ ಬೀಜ ಉಂಡೆಗೆ ಆಗುವುದಿಲ್ಲ, ಒಣಗಿದರೆ ಅವುಗಳ ಜೀವ ಹೋಗುತ್ತದೆ. ತಿಂದ ವಾರದಲ್ಲೇ ಮಣ್ಣಿಗೆ ಹಾಕಬೇಕು. ಕಾರಿನ ಕಿಟಕಿಯಿಂದ ಉಂಡೆ ಎಸೆಯುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಹತ್ತು ಉಂಡೆ ಎಸೆಯುವ ಬದಲು ಎರಡನ್ನು ಹಾಲಿನ ಕವರಿನಲ್ಲಿ ಸಸಿ ಮಾಡಿ ನೆಟ್ಟು, ನೀರು ಹಾಕಿ.

ಐದು ನಿಮಿಷಕ್ಕೇ ಬೇಜಾರಾಗಿ ಎದ್ದು ಹೋಗುತ್ತಾನೆ. ಏನು ಮಾಡಲಿ?

ಹೋಗಲಿ ಬಿಡಿ. ಸಾಮಾನು ಎತ್ತಿಡಬೇಡಿ, ಅಷ್ಟೇ. ಅರ್ಧ ಗಂಟೆ ಬಿಟ್ಟು ತಾನೇ ಬರುತ್ತಾನೆ. ಬಹಳ ಸಲ ಬೇಜಾರಿಗೆ ಕಾರಣ ನಾವೇ ಆಗಿರುತ್ತೇವೆ: "ಹಾಗಲ್ಲ, ಹೀಗೆ", "ಕೊಡಿಲ್ಲಿ, ನಾನು ಮಾಡ್ತೀನಿ". ಸೊಟ್ಟ ಸಾಲು ಸೊಟ್ಟವೇ ಇರಲಿ. ಮಗು ಮಲಗಿದ ಮೇಲೆ ಅದನ್ನು ನೀಟು ಮಾಡುವ ಅಪ್ಪಂದಿರೂ ಇದ್ದಾರೆ, ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿರುತ್ತಾರೆ. ಚೆನ್ನಾಗಿ ಗೊತ್ತಾಗುತ್ತದೆ.

ಒಂದು ವಾರ ಅಜ್ಜಿ ಊರಿಗೆ ಹೋಗುತ್ತೇವೆ. ಗಿಡಕ್ಕೆ ನೀರು?

ಪಕ್ಕದ ಮನೆಯವರು ಹಾಕುತ್ತಾರೆ ಅಂದರೆ ಪುಣ್ಯ. ಇಲ್ಲದಿದ್ದರೆ ಎಲ್ಲ ಕುಂಡಗಳನ್ನು ನೆರಳಿಗೆ ಒತ್ತಾಗಿ ಜೋಡಿಸಿ, ಮಣ್ಣಿನ ಮೇಲೆ ತೆಂಗಿನ ನಾರು ಅಥವಾ ಒಣಗಿದ ಎಲೆ ಹೊದಿಸಿ. ದೊಡ್ಡ ಕುಂಡದ ನಡುವೆ ಬಣ್ಣ ಬಳಿಯದ ಪುಟ್ಟ ಮಣ್ಣಿನ ಕುಡಿಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಮುಚ್ಚಿ. ನೀರು ಗೋಡೆಯಿಂದ ಮೆಲ್ಲಗೆ ಜಿನುಗುತ್ತದೆ. ಹೋಗುವ ಎರಡು ದಿನ ಮುಂಚೆಯೇ ಹೂತು, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ನೋಡಿಕೊಳ್ಳಿ. ಮೆಂತ್ಯ ಮಾತ್ರ ಕೊಯ್ದು ಅಜ್ಜಿಗೇ ಕೊಂಡೊಯ್ಯಿರಿ.

ಅವರೆ ಬಳ್ಳಿ ಸೊಂಪಾಗಿ ಬಂದಿದೆ, ಹೂವೇ ಇಲ್ಲ. ಹೊರದೇಶದಲ್ಲಿರುವವರು ಅಲ್ಲಿ ಹಾಕಬಹುದಾ?

ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡುವುದು, ಅದಕ್ಕೇ ನಮ್ಮಲ್ಲಿ ಸೊಗಡವರೆ ಚಳಿಗಾಲಕ್ಕೆ ಬರುವುದು. ಏಪ್ರಿಲ್‌ನಲ್ಲಿ ಹಾಕಿದರೆ ಬರೀ ಎಲೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿಗೆ ಈ ಹಂಗಿಲ್ಲ, ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ.

ಅಮೆರಿಕ, ಯುರೋಪಿನ ಬೇಸಿಗೆಯಲ್ಲಿ ಹಗಲು ಇನ್ನೂ ಉದ್ದ, ಅಲ್ಲಿ ನಾಟಿ ಅವರೆ ಹೂ ಬಿಡುವ ಹೊತ್ತಿಗೆ ಚಳಿ ಬಂದು ಬಳ್ಳಿ ಕರಟುತ್ತದೆ. ಊರಿಂದ ಸೂಟ್‌ಕೇಸಿನಲ್ಲಿ ಬೀಜ ಒಯ್ಯುವ ಮುಂಚೆ ಆ ದೇಶದ ನಿಯಮ ನೋಡಿಕೊಳ್ಳಿ, ಅಮೆರಿಕದಲ್ಲಿ ಬೀಜ ತಂದಿದ್ದನ್ನು ಹೇಳದೇ ಇದ್ದರೆ ದಂಡ ಬೀಳುತ್ತದೆ. ಅಲ್ಲಿನ ಅಂಗಡಿಯಲ್ಲೇ ಮೆಂತ್ಯ ಸಿಗುತ್ತದೆ. ಹಿಮ ಬೀಳುವುದು ಪೂರ್ತಿ ನಿಂತ ಮೇಲೆ ಕಿಟಕಿ ಹೊರಗೆ ಒಂದು ಡಬ್ಬದಲ್ಲಿ ಹಾಕಿ, ಮೂರನೇ ದಿನಕ್ಕೆ ಅಲ್ಲೂ ಮೊಳಕೆ ಬರುತ್ತದೆ.